ಲೆಕ್ಕಕ್ಕಿಲ್ಲದ ಗ್ಲಾಸು

ಮೊದಲು ಕೈ ತೊಳಿ, ಎಡಿಲ್ಸನ್.
ಸಮುದ್ರದ ನೀರಲ್ಲಲ್ಲ, ಆ ಕೊಡದ್ದರಲ್ಲಿ.
ಉಪ್ಪು ಕೈ ಮುಟ್ಟಿದರೆ ಹಣ್ಣು ಮುನಿಯುತ್ತದೆ.

ಇದು ಗೇರುಹಣ್ಣು. ಕೆಂಪಿನದು, ಹಳದಿಯದು.
ಹಳದಿಯೇ ಸಿಹಿ ಅನ್ನುತ್ತಾರೆ
ಫೋರ್ತಲೇಜಾದಿಂದ ಬಸ್ಸಿನಲ್ಲಿ ಬರುವವರು.
ಮೂವತ್ತೊಂದು ಡಿಸೆಂಬರು ಇದನ್ನೇ ಹಿಂಡಿದವಳು ನಾನು,
ನನ್ನನ್ನು ಕೇಳಿದರೆ ಬಣ್ಣಕ್ಕೂ ಬಾಯಿಗೂ ನಂಟಿಲ್ಲ.
ಮೂಸಿ ನೋಡು.

ಎಲ್ಲ ಹಣ್ಣೂ ಬೀಜವನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡರೆ
ಇದೊಂದು, ಲೋಲಾಕಿನ ಹಾಗೆ
ಹೊರಗೇ ತೂಗಿಬಿಟ್ಟಿದೆ.
ತಿರುಚಿ ತೆಗೆ. ಹಾಗಲ್ಲ, ಮೆಲ್ಲಗೆ,
ನಿದ್ದೆ ಹತ್ತಿದ ಕೂಸಿನ ಬಾಯಿಂದ ಮೊಲೆ ಬಿಡಿಸುವ ಹಾಗೆ.
ಬೀಜ ಆ ಡಬ್ಬಕ್ಕೆ. ಹಸಿಯದನ್ನು ಕಚ್ಚಬೇಡ,
ತುಟಿ ಸುಟ್ಟು ಸೊಟ್ಟಗಾದರೆ
ನಿನ್ನ ಹುಡುಗಿ ಗುರುತು ಹಿಡಿಯಲಿಕ್ಕಿಲ್ಲ.

ಈಗ ಅಡ್ಡಕ್ಕೆ ಕೊಯ್ಯಿ. ಉದ್ದಕ್ಕೆ ಕೊಯ್ದೆಯೋ
ನಾರು ಹಲ್ಲಿಗೆ ಸುತ್ತಿಕೊಳ್ಳುತ್ತದೆ.
ನೋಡು, ಹೇಗೆ ಅಳುತ್ತಿದೆ.
ಅರ್ಧ ನಿಂಬೆ. ಎರಡು ಚಮಚ ಸಕ್ಕರೆ.
ಕುಟ್ಟು. ಜಜ್ಜಬೇಡ, ಕುಟ್ಟು:
ಜಗಳವಾಡಿ ಹೋದವರು ನಡುರಾತ್ರಿ ಬಾಗಿಲು ತಟ್ಟುತ್ತಾರಲ್ಲ,
ನೆರೆಯವರು ಏಳಬಾರದು, ಒಳಗಿನವಳಿಗೆ ಕೇಳಬೇಕು,
ಅಷ್ಟು.

ಐಸು, ಗ್ಲಾಸಿನ ಕಂಠದವರೆಗೆ.
ಕೊನೆಗೆ ಕಶಾಸಾ.
ಕಬ್ಬಿನ ಹಾಲು ಹುಳಿತು, ಬೆಂಕಿ ಕಂಡು, ತಿಳಿಯಾಗಿ ಬಂದದ್ದು.
ನೀರಿನ ಹಾಗೇ ಕಾಣುತ್ತದೆ, ಅದೇ ಅದರ ಕಸುಬು.
ಎರಡು ಬೆರಳು. ನಿನ್ನ ಬೆರಳಲ್ಲ, ನನ್ನವು.

ಒಗರು ಉಳಿಯಬೇಕು.
ಸಕ್ಕರೆ ಸುರಿದು ಒಗರನ್ನು ಕೊಲ್ಲುವವರು
ಆಚೆಯ ದೊಡ್ಡ ಹೋಟೆಲಿನಲ್ಲಿದ್ದಾರೆ,
ಅಲ್ಲಿ ಗ್ಲಾಸಿಗೆ ಪುಟ್ಟ ಕೊಡೆ ಬೇರೆ ಹಿಡಿಯುತ್ತಾರೆ, ಮಳೆಯೇ ಇಲ್ಲದ ಊರಿನಲ್ಲಿ.
ನಮ್ಮಲ್ಲಿ ಕುಡಿದವನ ಗಂಟಲು
ಒಂದು ಗಳಿಗೆ ಮಾತು ಮರೆಯಬೇಕು.

ಓ, ಬಂದರು. ತಲೆಯ ಮೇಲೆ ಬುಟ್ಟಿ, ಬರಿಗಾಲು,
ಎದೆಯ ಮೇಲೆ ಕಂದು ಕಲೆಯಿರುವ ಬಿಳಿ ಅಂಗಿ.
ಜುರಾಂದಿರ್. ಹೌದು, ನಮ್ಮವರೇ.
ಅವರಿಗೊಂದು ಮಾಡು. ಎಲ್ಲ ಹಾಗೇ,
ಕುಟ್ಟುವುದೂ ಅಷ್ಟೇ ಹೊತ್ತು.
ಬಾಟಲಿ ಮಾತ್ರ ಮುಟ್ಟಬೇಡ.
ಅದರ ಕಡೆ ನೋಡುವುದೂ ಬೇಡ,
ಅವರು ನಿನ್ನ ಕಣ್ಣನ್ನೇ ನೋಡುತ್ತಿರುತ್ತಾರೆ.

ಒಂದು ಕಾಲಕ್ಕೆ ನಾನು ತುಂಬಿಸಿಟ್ಟದ್ದನ್ನೆಲ್ಲ
ಗಿರಾಕಿ ಬರುವ ಮೊದಲೇ ಮುಗಿಸುತ್ತಿದ್ದರು.
ದೋಣಿ ಹೋಯಿತು. ದೋಣಿಯ ಹಿಂದೆ ಬಲೆ.
ಬಲೆಯ ಹಿಂದೆ ನನ್ನ ಹೊಲಿಗೆ ಯಂತ್ರ.
ಆಮೇಲೊಂದು ಸಂಜೆ,
ತಂಗಿಯ ಮಗುವಿನ ಜ್ಞಾನಸ್ನಾನಕ್ಕೆಂದು ಹೊಲಿಸಿದ ಹೊಸ ಅಂಗಿಯಲ್ಲಿ
ಈ ಕಂಬಕ್ಕೇ ಒರಗಿ, ಗ್ಲಾಸು ಎದೆಯ ಮೇಲೆ ಚೆಲ್ಲಿಕೊಂಡು,
"ಇದೇ ಕೊನೆ, ಜುಲೇಯ್ಡೆ" ಅಂದರು.
ಹಾಗೆ ನೂರು ಸಲ ಅಂದದ್ದುಂಟು.
ನಾನು ಸುಮ್ಮನೆ ಅಂಗಿ ಒಗೆದೆ.
ಸಾಬೂನು, ನಿಂಬೆ, ಬಿಸಿಲು.
ಕಲೆ ಜಪ್ಪಯ್ಯ ಅನ್ನಲಿಲ್ಲ.
ಅತ್ತೆ ಹೇಳುತ್ತಿದ್ದರು, ಗೇರಿನ ಕಲೆ
ಈ ಫಸಲಿಗೆ ಹತ್ತಿದ್ದು ಮುಂದಿನ ಫಸಲಿಗೇ ಬಿಡುವುದು ಎಂದು.
ನಾಲ್ಕು ಫಸಲು ಹೋದವು.
ಕಲೆ ಇದ್ದಲ್ಲೇ ಇದೆ. ಆ ಮಾತೂ.

ಈಗ ಮರದ ಕೆಲಸ ಅವರದು.
ಕತ್ತಲಿರುವಾಗಲೇ ಹೋಗಿ, ರಾತ್ರಿ ಉದುರಿದ್ದರಲ್ಲಿ
ಇರುವೆ ಮುತ್ತದ್ದನ್ನು ಬೆರಳಲ್ಲೇ ತಡವಿ ಆರಿಸುತ್ತಾರೆ.
ಆ ಗ್ಲಾಸನ್ನು ಸ್ಲೇಟಿನಲ್ಲಿ ಬರೆಯಬೇಡ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕೊಡು. ಎರಡೂ ಕೈಯಲ್ಲೇಕೆ, ಇದೇನು ಇಗರ್ಜಿಯೇ?
ಎಲ್ಲರಿಗೆ ಕೊಡುವ ಹಾಗೇ ಕೊಡು.
ಹಾಂ, ಕುಡಿದರು. ಗಂಟಲು ಹಿಡಿಯಿತು.
ಕೆಮ್ಮು ನಿಲ್ಲಲಿ ತಾಳು,
ಹುಡುಗ ಸಕ್ಕರೆ ಕಮ್ಮಿ ಹಾಕಿದ್ದಾನೆ ಅನ್ನುತ್ತಾರೆ.
ಹೆದರಬೇಡ.
ಹಣ್ಣು ತಂದವರು ಯಾರು ಅಂತ ಕೇಳು.