ಅತ್ತ್

ಆ ವಾರ ನಮ್ಮ ವಾರ್ಡಿನಲ್ಲಿ ಇಬ್ಬರು ಗುಲಾಬಿಯರು.
ಏಳನೇ ಮಂಚದವಳು ಹೊಯ್ಗೆಬಜಾರಿನವಳು,
ಒಣಮೀನಿನ ವ್ಯಾಪಾರ, ಮಾತು ಶುರುವಾದರೆ
ಬಂದರಿನ ದೋಣಿಗಳೆಲ್ಲ ಅವಳವೇ.
ಹನ್ನೊಂದರವಳು ಬಜಾಲಿನವಳು, ಬೀಡಿ ಕಟ್ಟುವವಳು.
ಮಾತಿಲ್ಲ. ಮಡಿಲಲ್ಲಿ ತಡ್ಪೆ ಇಲ್ಲದಿದ್ದರೂ
ಬೆರಳುಗಳು ಮಾತ್ರ ಸುರುಳಿ ಸುತ್ತುತ್ತಲೇ ಇರುತ್ತಿದ್ದವು.

ಫೈಲಿನಲ್ಲಿ ಇಬ್ಬರೂ: ಗುಲಾಬಿ, ಹೆಣ್ಣು, ಐವತ್ತೆರಡು.
ಒಬ್ಬಳು ಸಾಲ್ಯಾನ್, ಒಬ್ಬಳು ಕುಂದರ್.
ಬರಿ ಕೇಳಿ ಬರೆದುಕೊಳ್ಳುವಷ್ಟು ಜಾಗ
ಆ ಚೌಕದಲ್ಲಿ ಇರಲಿಲ್ಲ
ಎಂದು ನಾನು ಆಮೇಲೆ ಹೇಳಿದೆ.
ಇತ್ತು.

ಮೊದಲ ರಾತ್ರಿ ಹನ್ನೊಂದರವಳು
ಮಾತ್ರೆಯನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ
ವಾಪಸು ಟ್ರೇಗೆ ಹಾಕಿದಳು.
'ಉಂದು ಎನ್ನ ಮರ್ದ್ ಅತ್ತ್.'
ನಾನು ಬರೆದೆ: ಮದ್ದು ನಿರಾಕರಣೆ.
ಎರಡನೇ ರಾತ್ರಿಯೂ ಅದೇ ಮಾತು, ಅದೇ ಬರಹ,
ಕೆಳಗೆ ಸಹಿ: ಐವಿ ಲಸ್ರಾದೊ,
ಇಪ್ಪತ್ತೆರಡು ವರ್ಷದ ಸರ್ವಿಸು,
ತುಳು ಕೊಂಕಣಿ ಎರಡೂ ನಾಲಗೆಯ ಮೇಲೆ.

ಮೂರನೇ ರಾತ್ರಿ ಡಾಕ್ಟರು ಫೋನಿನಲ್ಲಿ
ಹೇಗಾದರೂ ಕೊಡಿ ಎಂದರು.
ಕದಳಿ ಹಣ್ಣು ಸುಲಿದು, ನಡುವೆ ಸೀಳಿ,
ಮಾತ್ರೆ ಹುದುಗಿಸುತ್ತಿದ್ದೆ.

ಶೈನಾಜ್ ನದಾಫ, ಇಳಕಲ್ಲಿನ ಹುಡುಗಿ,
ಸೇರಿ ಐದು ವಾರ, ಜೇಬಿನ ಪುಟ್ಟ ಪುಸ್ತಕದಲ್ಲಿ
ದಿನಕ್ಕೆ ನಾಲ್ಕು ತುಳು ಶಬ್ದ.
'ಸಿಸ್ಟರ್, ಅತ್ತ್ ಅಂದ್ರ ಅಲ್ಲ ಅಂತ, ಹೌದಲ್ರಿ?
ಬ್ಯಾಡ ಅನ್ನಾಕ ಬೊಡ್ಚಿ ಅಂತಾರಂತ ನೀವೇ ಬರಸೀರಿ.
ಈಕಿ ಬೊಡ್ಚಿ ಅಂದೇ ಇಲ್ರಿ.'

ಹಣ್ಣು ಕೈಯಲ್ಲೇ ಕಪ್ಪಾಗುತ್ತಿತ್ತು.

ಲಿಥಿಯಂ. ಏಳರವಳದು.
ಹನ್ನೊಂದರವಳ ಕಿಡ್ನಿ ರಿಪೋರ್ಟು ಫೈಲಿಗೆ ಅಂಟಿಸಿದ್ದು ನಾನೇ.
ಏಳರವಳೋ, ಎರಡು ರಾತ್ರಿ
ಇನ್ನೊಬ್ಬಳ ಮಾತ್ರೆಯನ್ನು ನಗುತ್ತ ನುಂಗಿ,
ದೋಣಿಗಳ ಲೆಕ್ಕ ನಡುನಡುವೆ ಮರೆತು,
ಹಗಲೆಲ್ಲ ತೂಕಡಿಸಿದ್ದಳು.
ಅದನ್ನು 'ಸುಧಾರಣೆ' ಎಂದು ಬರೆದಿದ್ದೆ.

ಡಾಕ್ಟರಿಗೆ ಮತ್ತೆ ಫೋನು, ಇಬ್ಬರ ಬಿಪಿ, ಇಬ್ಬರ ರಕ್ತ.
ಎಲ್ಲ ಮುಗಿದಾಗ ಗಂಟೆ ಮೂರು.
ಡ್ರಾಯರಿನ ತಳದಲ್ಲಿ, ಒಡೆದ ಥರ್ಮಾಮೀಟರಿನ ಕೆಳಗೆ
ತಪ್ಪು ಬರೆದುಕೊಡುವ ಫಾರಮ್ಮು,
ಅಂಚು ಹಳದಿಯಾಗಿದ್ದರೂ ಹೊಚ್ಚಹೊಸದು.

ಮೋನಪ್ಪಣ್ಣ ನೆನಪಾದ.
ಬಾತ್‌ರೂಮಿನ ಚಿಲಕ ಒಳಗಿಂದ ತಾನೇ ಬೀಳುತ್ತದೆ ಎಂದು
ಮೂರು ಸಲ ಹೇಳಿದವನು.
ಆಗಬಾರದ್ದು ಆದ ಬೆಳಿಗ್ಗೆ
'ಡ್ಯೂಟಿಯಲ್ಲಿ ಯಾರಿದ್ದದ್ದು?' ಎಂಬ ಒಂದೇ ಪ್ರಶ್ನೆಗೆ
ಉತ್ತರವಾಗಿ ಮನೆಗೆ ಹೋದವನು.
ಈಗ ಸ್ಟೇಟ್‌ಬ್ಯಾಂಕಿನ ಬಸ್‌ಸ್ಟ್ಯಾಂಡಿನ ಹತ್ತಿರ ಬೊಂಡ ಕೆತ್ತುತ್ತಾನೆ.
ನಾನು ಆಚೆ ಬದಿಯಿಂದ ನಡೆಯುತ್ತೇನೆ.
ಅಂದಿನಿಂದ ಈ ವಾರ್ಡಿನಲ್ಲಿ
ಯಾರ ಕಣ್ಣಿಗೂ ಯಾವ ಚಿಲಕವೂ ಬಿದ್ದಿಲ್ಲ.

'ನನ್ನ ಹೆಸರು ಬರೀಬ್ಯಾಡ್ರಿ ಸಿಸ್ಟರ್,
ಪ್ರೊಬೇಶನ್ ಐತ್ರಿ.'
ಒಳ್ಳೆಯ ಕೆಲಸ ಮಾಡಿ ಹೆದರುವುದನ್ನು
ಐದು ವಾರದಲ್ಲಿ ಕಲಿಸಿದ್ದೇವೆ,
ಪುಸ್ತಕದಲ್ಲಿ ಬರೆದುಕೊಳ್ಳದೆಯೇ ಕಲಿತಿದ್ದಾಳೆ.

ಯಾರಿಂದ? ನನ್ನ ಹೆಸರು.
ಕಾರಣ? ಎರಡು ಬೆರಳಗಲದ ಜಾಗ.
ಹಾಳೆ ತಿರುಗಿಸಿದೆ. ಹಿಂಬದಿ ಪೂರಾ ಖಾಲಿ.
ಬರೆದೆ: ಒಂದೇ ಹೆಸರು, ಬಿಟ್ಟುಹೋದ ಬರಿ,
ಇಪ್ಪತ್ತಾರು ಮಂಚಕ್ಕೆ ಇಬ್ಬರು, ಬಾಳೆಹಣ್ಣು,
ಮೂರು ರಾತ್ರಿ ಕೇಳಿಯೂ ಕೇಳದ ನನ್ನ ಕಿವಿ.
ಕೈ ನಿಲ್ಲಲಿಲ್ಲ, ಆ ಚಿಲಕವನ್ನೂ ಬರೆದೆ,
ಹನ್ನೆರಡು ವರ್ಷ ತಡವಾಗಿ.

ತಪ್ಪನ್ನು ಮೊದಲು ಗುರುತಿಸಿದವರು?
ಸಿಬ್ಬಂದಿಯ ಹುದ್ದೆಗಳ ಪಟ್ಟಿ, ಒಂದಕ್ಕೆ ಟಿಕ್ಕು ಹಾಕಬೇಕು.
ಪಟ್ಟಿಯ ಕೆಳಗೆ ಗೆರೆ ಎಳೆದು ಬರೆದೆ:
ಗುಲಾಬಿ ಕುಂದರ್, ಹನ್ನೊಂದನೇ ಮಂಚ.

ಮೇಟ್ರನ್ ಓದಿ ಏನೆನ್ನುತ್ತಾರೋ ತಿಳಿಯದು.
ಬೆಳಿಗ್ಗೆ ಮಾತ್ರೆ ಹಿಡಿದು ಹೋಗಿ,
ಹೆಸರು ಪೂರಾ ಹೇಳಿ ಎಂದೆ. ಹೇಳಿದಳು, ಬರಿಯ ಸಮೇತ.
ಅಂಗೈ ಮೇಲಿಟ್ಟೆ.
ಬ್ರಾಂಚಿನ ಚೆಕಿಂಗಿನವನು ಬೀಡಿ ನೋಡುವ ಹಾಗೆ
ಬೆಳಕಿಗೆ ಹಿಡಿದು ಉರುಳಿಸತೊಡಗಿದಳು.

ಹೊರಗೆ ನನ್ನ ಏಳೂಹತ್ತರ ಬಸ್ಸು ಹಾರ್ನು ಹಾಕಿ ಹೊರಟಿತು.
ಉರುಳಿಸುತ್ತಲೇ ಇದ್ದಳು.
ನಿಂತೇ ಇದ್ದೆ.