ಬರೋಬ್ಬರಿ ನೂರು

ಗದಗಿನ ಹಳೇ ಜಿನ್ನಿಂಗ್ ಮಿಲ್ಲಿನ ಶೆಡ್ಡಿನಾಗ
ದಾವಲಸಾಬರ ಜಿಮ್ಮು.
ಜಂತಿಗೆ ಇನ್ನೂ ಹತ್ತಿ ಎಳಿ ಜೋತಾವ,
ಫ್ಯಾನು ಹಚ್ಚಿದರ ನಿಧಾನಕ ಇಳೀತಾವ
ಕಬ್ಬಿಣದ ಮ್ಯಾಲೆ.

ನಾನು ಕಳಕವ್ವ, ರೋಣದ ಬಸ್ಸಿನ ಕಂಡಕ್ಟರು.
ಹಗಲೆಲ್ಲ ಚಿಲ್ಲರ ಎಣಿಸಿದ ಬೆರಳಿಗೆ
ಸಂಜೀಮುಂದ ಬಿಳಿ ಪುಡಿ ಹಚ್ಚಿ
ರಾಡು ಹಿಡೀತೇನಿ.
ತೊಂಬತ್ತೈದು ಬರತೈತಿ.
ಎಂಟು ತಿಂಗಳಿಂದ ಬರತೈತಿ, ಕರದರ ಕರು ಬಂದ್ಹಂಗ.
ನೂರು ಮಾತ್ರ
ನೆಲಕ್ಕ ಬೇರು ಬಿಟ್ಟು ಕುಂತೈತಿ.

ಐದು ಕಿಲೊ ಅಂದ್ರ ಏನು?
ಒಂದು ಪಿಶವಿ ಉಳ್ಳಾಗಡ್ಡಿ,
ಸೀಟಿನ ಕೆಳಗ ಯಾರೋ ಮರತುಹೋದ ಗಂಟು.
ಆದರ ನೂರು ಅಂದ ಕೂಡಲೆ
ಮಣಕಾಲು ನನ್ನ ಮಾತು ಕೇಳಂಗಿಲ್ಲ,
ಎಸೆಸೆಲ್ಸಿ ಗಣಿತದ ಪೇಪರು ನೆನಪಾಕ್ಕತಿ.
ಅಲ್ಲೂ ನೂರಕ್ಕ ಕೇಳಿದ್ರು.

“ತಲೀ ಒಳಗಿನ ತೂಕ ಮೊದಲು ಇಳಸವ್ವ,
ಕಬ್ಬಣ ತಾನ ಏಳತೈತಿ” ಅಂತಾರ ದಾವಲಸಾಬರು.
ಹೆಂಗ ಇಳಸೋದು?
ತಲೀಗೆ ಹಿಡಿಕಿ ಇಲ್ಲ.

ಒಂದು ಐತವಾರ ಮನೀ ಕೀಲಿ ಕೇಳಾಕ ಅಪ್ಪ ಬಂದ,
ಎಪಿಎಂಸಿಯ ಹುಚ್ಚೀರಪ್ಪ.
ಮೂವತ್ತೊಂದು ವರ್ಷದ ಹಮಾಲಿ,
ಅಂಗೈಯಾಗ ಕೊಕ್ಕಿಯ ಗುರುತು.
ಚಪ್ಪಲಿ ಬಾಗಿಲ ಹೊರಗ ಬಿಟ್ಟು ನಿಂತು ನೋಡಿದ,
ನೂರು ಏಳಲಿಲ್ಲ, ಅದನ್ನೂ ನೋಡಿದ.
“ಇದನ್ನ ಎಲ್ಲಿಗೆ ಒಯ್ಯಾಕಿ?”
“ಎಲ್ಲಿಗೂ ಇಲ್ಲಪಾ. ಎತ್ತಿ, ಇದ್ದಲ್ಲೇ ಇಡೋದು.”
ಅಪ್ಪ ಬಾಳ ಹೊತ್ತು ಮಾತಾಡಲಿಲ್ಲ.
ಅವನ ಬೆನ್ನೇರಿದ ಒಂದ ಚೀಲಾನೂ
ಹೊಂಟ ಜಾಗಕ್ಕ ಹೊಳ್ಳಿ ಬಂದಿದ್ದಿಲ್ಲ.

ಆಮ್ಯಾಲೆ ಬಗ್ಗಿ, ಇಪ್ಪತ್ತಂತ ಎರಕಾ ಹೊಯ್ದ ಗಾಲಿ
ಒಂದ ಕೈಲೆ ಎತ್ತಿ, ಎರಡು ಸಲ ಅಲುಗಿಸಿ, ಅಂದ:
“ಇಪ್ಪತ್ತಲ್ಲ ಇದು.”

ಟಂಟಂದಾಗ ಹೇರಿಕೊಂಡು ಅಡತಿ ಕಾಟಾಕ್ಕ ಹೋದಿವಿ.
ಇಪ್ಪತ್ತೊಂದೂವರಿ ಒಂದು, ಇಪ್ಪತ್ತೊಂದು ಇನ್ನೊಂದು,
ನನ್ನ ನೂರು ನೂರಾ ನಾಕಿತ್ತು!
ನಗು ಬಂತು, ಅಳು ಬಂತು,
ಹುಬ್ಬಳ್ಳಿ ಫೌಂಡ್ರಿಯವನಿಗೆ ಬಾಯಿ ತುಂಬ ಬೈದೆ.
ಕಾಟಾ ಆಸಾಮಿ ಚಾ ತರಿಸಿದ.
ಹದಿನೈದರ ಗಾಲಿಗಳನ್ನೂ ಇಟ್ಟು ನೋಡಿದ ಮ್ಯಾಲೆ
ಚಾ ಆರಿತು:
ಅವು ಹದಿಮೂರು, ಹದಿಮೂರೂಕಾಲು.
ಎಂಟು ತಿಂಗಳು ಮೆರೆದ ತೊಂಬತ್ತೈದು
ತೊಂಬತ್ತೈದೂ ಅಲ್ಲ.
ಸೋತದ್ದೂ ಸುಳ್ಳು, ಗೆದ್ದದ್ದೂ ಸುಳ್ಳು.
ಹೊಳ್ಳಿ ಬರೋವಾಗ ಟಂಟಂದಾಗ
ಕಬ್ಬಿಣ ಒಂದ ಸಪ್ಪಳ ಮಾಡತಿತ್ತು.

ಗಾಲಿ ಗಾಲಿಗೆ ಸೀಮಿಸುಣ್ಣದಿಂದ ಖರೇ ತೂಕ ಬರದು
ಕೂಡಿಸಿ, ಕಳದು, ದಾವಲಸಾಬರು
ಬರೋಬ್ಬರಿ ನೂರು ಜೋಡಿಸಿದ್ರು.
ಎತ್ತಿದೆ.
ಏಳಲಿಲ್ಲ.
ಈಗ ಬೈಯಾಕ ಫೌಂಡ್ರಿಯೂ ಇಲ್ಲ.

ಅಪ್ಪ ಬಾಗಿಲದಾಗ ಕುಂತು ಎಲಿ ಅಡಕಿ ಹಾಕ್ಕೋತಿದ್ದ.
“ಚೀಲ ಹೊರೋವಾಗ
ನಾ ಚೀಲ ನೋಡತಿದ್ದಿಲ್ಲ, ತಂಗಿ. ಲಾರಿ ನೋಡತಿದ್ದೆ.”

ನನಗ ಲಾರಿ ಇಲ್ಲ.
ಎದುರಿಗೆ ಸುಣ್ಣ ಉದುರಿದ ಗ್ವಾಡಿ,
ಗ್ವಾಡಿ ಮ್ಯಾಲೆ ಬಾಲ ತುಂಡಾದ ಒಂದು ಹಲ್ಲಿ,
ಅರ್ಧ ಬೆಳದಿತ್ತು ಹೊಸ ಬಾಲ.
ಅದನ್ನ ನೋಡಿದೆ.
ಎಣಿಸಲಿಲ್ಲ. ಯಾವ ದೇವರನ್ನೂ ನೆನಿಲಿಲ್ಲ.
ಹಿಮ್ಮಡಿಯಿಂದ ನೆಲ ಒತ್ತಿದೆ,
ಸಿಟ್ಟಿಲ್ಲದ, ಅವಸರ ಇಲ್ಲದ,
ಕೆಟ್ಟು ನಿಂತ ಬಸ್ಸು ನೂಕಿದ್ಹಂಗ.

ಎಷ್ಟು ಎದ್ದಿತೋ ನಂಗ ಗೊತ್ತಿಲ್ಲ.
ಹಲ್ಲಿ ಓಡಿಹೋತು, ಕೈ ಜಾರಿತು,
ಶೆಡ್ಡೆಲ್ಲ ಗದಗದ ಅಂತು, ಜಂತಿಯಿಂದ ಹತ್ತಿ ಉದುರಿತು.

“ಎದ್ದಿತೇನಪಾ?”
ಅಪ್ಪ ಎದ್ದು ಬಂದು, ರಾಡಿಗೆ ಕೈ ಹಚ್ಚಿ, ಅಲುಗಿಸಿ,
“ನೂರು ಐತಿ, ಬರೋಬ್ಬರಿ” ಅಂದ.
ಆಮ್ಯಾಲೆ ನೆಲದ ಕಡೆ ನೋಡಿ
ಕಿರಿಬೆರಳು ತೋರಿಸಿದ:
“ಇಷ್ಟು ಬೆಳಕು ಹಾದಿತ್ತು ಅಡಿಯಾಗ.
ನಿನ್ನಿ ಇದ್ದಿಲ್ಲ.”

ಕೀಲಿ ಇಸಗೊಂಡು ಹೋದ.
ನಾಳೆ ನನಗ ಐದೂನಲವತ್ತರ ಬಸ್ಸು.