ಪ್ಲಗ್ ಪಾಯಿಂಟ್ ಇಲ್ಲದ ರಾತ್ರಿ

ದಾದರಿನಿಂದ ಕರ್ಜತ್ ಲೋಕಲ್ಲಿಗೆ ಮೂರು ಚೀಲ.
ಒಂದರಲ್ಲಿ ಚಪಾತಿ, ಒಂದರಲ್ಲಿ ಬಟ್ಟೆ,
ಇನ್ನೊಂದರಲ್ಲಿ, ಕೂಸಿನ ಹಾಗೆ ನನ್ನ ತೊಡೆಯ ಮೇಲೆ,
ಇವರ ಉಸಿರಿನ ಯಂತ್ರ.
"ಹಾರ್ಮೋನಿಯಮ್ಮಾ?" ಎಂದ ಎದುರು ಸೀಟಿನವ.
"ಹೌದು, ರಾತ್ರಿ ಮಾತ್ರ ನುಡಿಸುತ್ತಾರೆ" ಎಂದೆ.

ಪೇಜ್ ನದಿಯ ದಂಡೆ.
ಮರಾಠಿಯಲ್ಲಿ ಪೇಜ್ ಎಂದರೆ ಗಂಜಿ;
ಹೆಸರಿಗೆ ತಕ್ಕಂತೆ ತೆಳು, ಸಪ್ಪೆ, ಅವಸರವಿಲ್ಲ,
ಜ್ವರ ಬಿಟ್ಟವರಿಗೆ ಹೇಳಿ ಮಾಡಿಸಿದ ಹೊಳೆ.
ಎರಡೇ ಡೇರೆ. ಆಚೆಯದರಲ್ಲಿ
ದುರ್ಬೀನು ಹಿಡಿದು ಬಂದ ಹುಡುಗಿ, ಒಬ್ಬಳೇ.
ಹಲಗೆಯ ಮೇಲೆ ಸುಣ್ಣದ ಅಕ್ಷರ:
ಹತ್ತು ಗಂಟೆಯ ಮೇಲೆ ಸದ್ದು ಮಾಡಬಾರದು.
ನಾನು ಇವರ ಮುಖ ನೋಡಿದೆ.
ಇವರು ಹಲಗೆ ನೋಡಿ ಕೆಮ್ಮಿದರು.

ಪ್ಲಗ್ ಎಲ್ಲಪ್ಪಾ?
ಬುಧಾಜಿ ಕಂಬದ ಕಡೆ ಗದ್ದ ಎತ್ತಿದ.
ತಂತಿ ಹರಿದು ಮೂರು ದಿನ. ನಾಳೆ ಬರುತ್ತಾರಂತೆ.
ನಾಳೆ ಅನ್ನುವಾಗ ಅವನಿಗೇ ನಗು.
ಮೂವತ್ತೊಂದು ವರ್ಷ ಚಾಳಿನಿಂದ ಚಾಳಿಗೆ ಹತ್ತಿಳಿದು
ಕರೆಂಟಿನ ಮೀಟರು ಓದಿದ ಇವರು
ಕಂಬದ ಬುಡದಲ್ಲಿ ನಿಂತು, ಟೋಪಿ ತೆಗೆದು,
ಸರ್ವಿಸಿನ ಗೆಳೆಯನ ಕೊನೆಯ ದರ್ಶನಕ್ಕೆ ಬಂದವರಂತೆ
ಜೋತುಬಿದ್ದ ತಂತಿಯನ್ನು ನೋಡಿದರು.

ಅನ್ನ ಬಸಿಯುತ್ತ ಬುಧಾಜಿ ಹೇಳಿದ:
ಈ ನೀರು ನಮ್ಮದಲ್ಲ, ತಾಯೀ, ಘಟ್ಟದ ಮೇಲಿನ ಕೆರೆಯದು.
ಕೊಳವೆಯಲ್ಲಿ ಬಿದ್ದು, ಭಿವಪುರಿಯಲ್ಲಿ ಚಕ್ರ ತಿರುಗಿಸಿ,
ಕರೆಂಟು ನಿಮ್ಮ ಮುಂಬಯಿಗೆ ಒಪ್ಪಿಸಿ
ಕೈ ತೊಳೆದುಕೊಂಡು ಇಲ್ಲಿಗೆ ಬರುತ್ತದೆ.
ನೀವು ಮಲಗಿದರೆ ಹೊಳೆ ಇಳಿಯುತ್ತದೆ,
ನೀವು ಗೀಸರ್ ಹಾಕಿದರೆ ಏರುತ್ತದೆ.
ಕಲ್ಲಿನ ಮೇಲೆ ಬಟ್ಟೆ ಬಿಡಬೇಡಿ.

ಹತ್ತಾಯಿತು. ಇವರು ಮಲಗಿದರು, ಬರಿ ಮುಖದಲ್ಲಿ.
ಈ ಮುಖದ ನಿದ್ದೆ ನೋಡಿ ಮೂರು ವರ್ಷವಾಗಿತ್ತು:
ಕೆನ್ನೆಯ ಮೇಲೆ ಪಟ್ಟಿ ಕೂತ ಗುರುತು,
ಬಾಯಿಯ ಒಂದು ಮೂಲೆ ಏನೋ ಕೇಳಬೇಕೆಂಬಂತೆ ತೆರೆದು.
ಮನೆಯಲ್ಲಿ ನಾನು ಕೇಳುತ್ತಿದ್ದದ್ದು ಯಂತ್ರದ ಉಸಿರು,
ಗಜಕಡ್ಡಿಯಿಟ್ಟು ಕತ್ತರಿಸಿದ ಹಾಗೆ ಒಂದೇ ಅಳತೆ.
ಇದು ಹಾಗಲ್ಲ. ಮೊದಲು ಗರಗಸ.
ಆಮೇಲೆ ಯಾರೋ ಜಲ್ಲಿಯ ಮೇಲೆ ಕಬ್ಬಿಣದ ಮಂಚ ಎಳೆದರು.
ಆಮೇಲೆ

ಏನೂ ಇಲ್ಲ.

ನಾಲ್ಕು ಎಣಿಸಿದೆ. ಏಳು.
ಒಂಬತ್ತಕ್ಕೆ ಮೊಣಕೈ ಎತ್ತಿದೆ.
ಹತ್ತಕ್ಕೆ ಸರಿಯಾಗಿ ಒಂದು ಗುಟುಕು ಗಾಳಿ ಕುಡಿದು
ಏನೂ ಆಗದವರಂತೆ ಮತ್ತೆ ಮಂಚ ಎಳೆಯತೊಡಗಿದರು.

ಪಕ್ಕದ ಡೇರೆಯ ಜಿಪ್ ಸದ್ದು. ಟಾರ್ಚು.
"ಕಾಕೂ, ಅದು ಕಾಡುಹಂದಿಯಾ?"
"ಅಲ್ಲಮ್ಮ, ನಮ್ಮವರು."
ಕತ್ತಲಲ್ಲಿ ಇಬ್ಬರೂ ಬಾಯಿಗೆ ಸೆರಗು ತುರುಕಿದವರಂತೆ ನಕ್ಕೆವು.
ಅವಳಿಗೆ ಸೆರಗಿರಲಿಲ್ಲ.

ಎರಡರ ಹೊತ್ತಿಗೆ ಹೊಳೆ ಸಣ್ಣಗಾಯಿತು.
ಮುಂಬಯಿ ಮಲಗಿತೇನೋ, ಪೂರ್ತಿಯಲ್ಲ, ಒಂದು ಮಗ್ಗುಲು.
ಕಲ್ಲುಗಳ ಬೆನ್ನು ನೀರಿನಿಂದ ಎದ್ದು ಬಂತು.
ಆಗಲೇ ಇವರದೂ ನಿಂತಿತು.
ಕಪ್ಪೆ ಇಲ್ಲ, ಜೀರುಂಡೆ ಇಲ್ಲ.
ಇದಕ್ಕೇ ಅಲ್ಲವೇ ದುಡ್ಡು ಕೊಟ್ಟು ಬಂದದ್ದು, ಈ ನಿಶ್ಶಬ್ದಕ್ಕೆ.
ನನಗೆ ಬೇಡವಾಯಿತು.
ಎದ್ದು ಕೂತು, ಇವರನ್ನು ಮಗ್ಗುಲಿಗೆ ಹೊರಳಿಸಿ
ಬೆನ್ನಿಗೆ ಆ ಹಾರ್ಮೋನಿಯಂ ಚೀಲವನ್ನೇ ಒತ್ತು ಕೊಟ್ಟೆ.
ಪಕ್ಕೆಯ ಮೇಲೆ ಅಂಗೈಯಿಟ್ಟು ಮೀಟರು ಓದಿದೆ.
ತಿರುಗುತ್ತಿತ್ತು.
ನಿಧಾನ, ಆದರೆ ತಿರುಗುತ್ತಿತ್ತು.

ನಾಲ್ಕೂವರೆಗೆ ಕಲ್ಲಿನ ಸಂದುಗಳಲ್ಲಿ ಗುಳುಗುಳು.
ಅಲ್ಲಿ ಯಾರೋ ಮೊದಲ ದೀಪ ಹಾಕಿದ್ದಾರೆ.
ನಾಯಗಾಂವಿನಲ್ಲಿ ನಮ್ಮ ಮೇಲಿನ ಮನೆಯ ಸುಲಭಾಬಾಯಿಯೇ ಇರಬೇಕು,
ಸೂರ್ಯನಿಗಿಂತ ಮೊದಲು ಮಿಕ್ಸರ್ ತಿರುಗಿಸಿ
ಹನ್ನೆರಡು ವರ್ಷ ನನ್ನ ಬೈಗುಳ ತಿಂದವಳು.
ತಿರುಗಿಸು ತಾಯಿ, ಎಂದೆ. ಇನ್ನೊಂದು ಬಟ್ಟಲು ಕಾಯಿ ಹಾಕು.

ಏಳಕ್ಕೆ ಇವರು ಮೈಮುರಿಯುತ್ತ ಹೊರಬಂದರು.
"ಎಂಥ ನಿದ್ದೆ ಮಾರಾಯ್ತಿ! ಆ ಯಂತ್ರ ಸುಮ್ಮನೆ ಹೊತ್ತದ್ದು.
ನಾನೇನಾದರೂ ಗೊರಕೆ ಹೊಡೆದೆನಾ?"
ಹುಡುಗಿ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ,
ಭುಜ ಮಾತ್ರ ಕುಲುಕುತ್ತಿತ್ತು.
"ಹೊಳೆಯಿರಬೇಕು" ಎಂದೆ.

ರಾತ್ರಿ ಇವರು ಕಲ್ಲಿನ ಮೇಲೆ ಹರಡಿದ್ದ ನೀಲಿ ಟವೆಲು
ಅಷ್ಟರಲ್ಲಿ ಉಲ್ಹಾಸದ ಕಡೆಗೆ ಹೊರಟುಹೋಗಿತ್ತು.